ಕಲಂ ನಾಲ್ಕು

ಡಾಕ್ಟರ್ ನಿವುಹಾಂತಾ ಅವರ ನಿವೃತ್ತಿಗೆ ಇನ್ನು ಹನ್ನೊಂದು ದಿನ.
ಗ್ರಂಥಪಾಲಕನಾದ ನನಗೆ ನಿರ್ದೇಶಕರ ಚೀಟಿ:
ಅವರ ಲೆಕ್ಕ ತೆಗೆಯಿರಿ, ಕಲಂ ನಾಲ್ಕು ಖಾಲಿ ಬಿಡಬೇಡಿ.

ತೆಗೆದೆ.
ಪ್ರಬಂಧಗಳು ಎಂಬತ್ತೇಳು.
ಉಲ್ಲೇಖಗಳು ನಾಲ್ಕು ಸಾವಿರದ ಇನ್ನೂರ ಆರು,
ಅದು ನಿನ್ನೆ ಸಂಜೆಗೆ. ಬೆಳಗಾಗುವಷ್ಟರಲ್ಲಿ ಇನ್ನೊಂದು,
ಓಸ್ಲೋದಲ್ಲಿ ಯಾರೋ ನಿದ್ದೆಗೆಟ್ಟು ಬರೆದಿರಬೇಕು.
ಎಚ್-ಸೂಚ್ಯಂಕ ಮೂವತ್ತೊಂದು.
ಹಾಗಂದರೇನು ಎಂದ ಕಾವಲುಗಾರ.
ಮೂವತ್ತೊಂದು ಬರಹಗಳನ್ನು
ತಲಾ ಮೂವತ್ತೊಂದು ಸಲವಾದರೂ ಯಾರೋ ನೆನೆದಿದ್ದಾರೆ ಎಂದೆ.
ಅವನು ಬೆರಳು ಮಡಚಿದ: ನಮ್ಮಜ್ಜನನ್ನು ಒಂಬತ್ತು ಜನ.

ನಕ್ಕೆ. ಆಮೇಲೆ ನಗು ಬರಲಿಲ್ಲ.
ನಮ್ಮಲ್ಲಿ ಸತ್ತವರನ್ನು ಒಂದೇ ಸಲ ಮಲಗಿಸಿ ಬಿಡುವುದಿಲ್ಲ.
ಕೆಲವು ವರುಷಕ್ಕೊಮ್ಮೆ ಗೋರಿ ತೆರೆದು,
ಹೊಸ ರೇಷ್ಮೆ ಸುತ್ತಿ, ಹೆಗಲಿಗೇರಿಸಿ ಕುಣಿದು,
ಹಳೆಯ ಹೆಸರನ್ನೇ ಹೊಸ ಬಟ್ಟೆಯ ಮೇಲೆ ಬರೆಯುತ್ತೇವೆ,
ಮುಂದಿನ ಸಲ ತೆರೆಯುವವರಿಗೆ ಯಾರೆಂದು ತಿಳಿಯಲಿ ಎಂದು.
ಪ್ಲೇಗಿನಲ್ಲಿ ಹೋದವರಿಗೆ ಮಾತ್ರ ಆ ಗೋರಿಯ ಬಾಗಿಲಿಲ್ಲ.
ಊರಾಚೆ ಗುಂಡಿ, ಸುಣ್ಣ, ಮುಖ ಮುಚ್ಚಿದ ಇಬ್ಬರು.

ಅತಿ ಹೆಚ್ಚು ನೆನೆಯಲ್ಪಟ್ಟದ್ದು ಆ ಪ್ಲೇಗಿನ ಪ್ರಬಂಧವೇ.
ಅದರ ಎರಡನೆಯ ಚಿತ್ರ ದೇಶಾಂತರ ತಿರುಗಿದೆ:
ಮೆಟ್ಟಿಲುಗದ್ದೆ, ಕೆಂಪು ಇಟ್ಟಿಗೆಯ ಮನೆಗಳು,
ಸುಗ್ಗಿ ಮುಗಿದ ಮೇಲೆ ಇಲಿ ಒಳಬರುವ ದಾರಿ,
ಅದರುದ್ದಕ್ಕೂ ನಲವತ್ತಮೂರು ಕಪ್ಪು ಚುಕ್ಕಿ.
ಒಬ್ಬ ಮಹಾಶಯ ಚುಕ್ಕಿಗಳಿಗೆ ಕೆಂಪು ಬಳಿದ, ಚೆಂದ ಕಾಣಲೆಂದು.
ಹೊಳೆಯ ತಿರುವಿನಲ್ಲಿ ಒಂಟಿಯಾಗಿ ನಿಂತ ಒಂದು ಚುಕ್ಕಿ
ಯಾರ ಗೆರೆಗೂ ಕೂಡದು.
ಹೊರಬಿದ್ದ ದತ್ತಾಂಶ ಎಂದು ಅದನ್ನು ಒರೆಸುತ್ತಾರೆ.

ಉಲ್ಲೇಖ ಸೊನ್ನೆ ಎಂದು ತೋರಿಸುವುದು ಒಂದೇ.
ಮಲಗಾಸಿಯಲ್ಲಿ, ನಾಲ್ಕು ಪುಟ:
"ಮೊದಲು ಚಿಗಟಕ್ಕೆ ಪುಡಿ ಹಾಕಿ, ಇಲಿ ಆಮೇಲೆ.
ಇಲಿ ಮೊದಲು ಸತ್ತರೆ ಚಿಗಟ ನಿಮ್ಮ ಕಾಲು ಹುಡುಕುತ್ತದೆ."
ಇದನ್ನು ನಾನು ಒಲೆಯ ಪಕ್ಕದ ಗೋಡೆಗಳಲ್ಲಿ ಕಂಡಿದ್ದೇನೆ,
ಹೊಗೆ ಹಿಡಿದು, ಅಂಚು ಸುರುಟಿ.
ಶನಿವಾರದ ಸಂತೆಯಲ್ಲಿ ಸೂಲಗಿತ್ತಿ ಬಾಯಿಪಾಠ ಒಪ್ಪಿಸುತ್ತಿದ್ದಳು.
ಬಾಯಿಪಾಠಕ್ಕೆ ಕಲಂ ಇಲ್ಲ.

ಮಧ್ಯಾಹ್ನ ಅವರೇ ಬಂದರು, ಕನ್ನಡಕ ಹಣೆಗೇರಿಸಿ.
ಐವತ್ತೆರಡನೆಯದನ್ನು ತೆಗೆದುಬಿಡು ಎಂದರು.
ಚಿಗಟದ ಜಾತಿಯನ್ನೇ ತಪ್ಪಾಗಿ ಗುರುತಿಸಿದ್ದೆ.
ತಪ್ಪಿಗೆ ಮುನ್ನೂರು ಉಲ್ಲೇಖ, ತಿದ್ದುಪಡಿಗೆ ಆರು;
ಆ ಆರರಲ್ಲಿ ನಾಲ್ಕು ನನ್ನವೇ.
ಮತ್ತೆ ಕೇಳಿದರು: ಎರಡನೆಯ ಚಿತ್ರ ದೊಡ್ಡದಾಗಿ ಅಚ್ಚು ಹಾಕುತ್ತೀಯಾ?

ಹಾಕಿಕೊಟ್ಟೆ. ಪೆನ್ಸಿಲು ಚೂಪು ಮಾಡಿ
ಚುಕ್ಕಿಯ ಪಕ್ಕ ಹೆಸರು ಬರೆಯತೊಡಗಿದರು.
ಮೂವತ್ತಾರಕ್ಕೆ ಕೈ ನಿಂತಿತು.
ಫೋನು ತೆಗೆದು ರಜಾಫೇರಾನಿಗೆ ಹಚ್ಚಿದರು.
ಹದಿನೆಂಟು ವರ್ಷ ಅವರಿಗಾಗಿ ಇಲಿ ಹಿಡಿದವನು,
ಎಂಬತ್ತೇಳೂ ಪ್ರಬಂಧಗಳ ಕೊನೆಯ ಸಾಲಿನ
"ಕ್ಷೇತ್ರ ಸಿಬ್ಬಂದಿ"ಯೊಳಗೆ
ತನ್ನ ಸೈಕಲ್ಲು, ಕಚ್ಚಿಸಿಕೊಂಡ ಎಡಗೈ ಸಮೇತ ಇರುವವನು.
ಈಗ ಕಿವಿ ಮಂದ. ಇಬ್ಬರೂ ಕೂಗಿಯೇ ಮಾತಾಡಬೇಕು.

ನಿಶ್ಶಬ್ದ ಎಂಬ ಫಲಕದ ಕೆಳಗೆ
ಹೆಸರುಗಳು ಗಟ್ಟಿಯಾಗಿ ಬಂದವು:
ಕಮ್ಮಾರನ ಹೆಂಡತಿ ರವುನಿ.
ಅವಳನ್ನು ಮುಟ್ಟಿ ನೋಡಿದ ನಾಟಿವೈದ್ಯ.
ಫಾರಾ, ಕಡೆಯ ಮಗಳು, ಏಳು ವರ್ಷ,
ಸತ್ತ ಇಲಿಯ ಬಾಲ ಹಿಡಿದು ಅಣ್ಣನನ್ನು ಅಟ್ಟಿಸಿದವಳು.
ಓದುತ್ತಿದ್ದ ಹುಡುಗರು ತಲೆಯೆತ್ತಿದರು.
ನಾನು ಶ್ ಎನ್ನಲಿಲ್ಲ.

ನಲವತ್ತೆರಡು.
ಹೊಳೆಯ ತಿರುವಿನದು? ಎಂದು ಕೂಗಿದರು ಡಾಕ್ಟರ್.
ಆ ಕಡೆ ಬಹಳ ಹೊತ್ತು ಬರಿಯ ಗಾಳಿ.
ಕಡಲ ಕಡೆಯಿಂದ ಉಪ್ಪು ಹೊತ್ತು ತಂದವನು,
ಒಂದೇ ರಾತ್ರಿ ತಂಗಿದ್ದ. ಹೆಸರು ಯಾರೂ ಕೇಳಲಿಲ್ಲಮ್ಮಾ.

ಪೆನ್ಸಿಲು ಸ್ವಲ್ಪ ಹೊತ್ತು ಮೇಲೆಯೇ ನಿಂತಿತ್ತು.
ಆಮೇಲೆ ಬರೆದರು: ಉಪ್ಪಿನವನು.